ಎಪಿಐ ಮಾಸ್ಟರ್ ಟೆಸ್ಟ್ ಕಿಟ್: ಒಳ್ಳೆಯದೇ, ಆದರೆ ಶಿರಸಿ ನೀರಿಗೆ ಒಂದು ಬಾಟಲಿ ಕಮ್ಮಿ

ಅಕ್ವೇರಿಯಂನಲ್ಲಿ ಸಿಕ್ಲಿಡ್ ಜಾತಿಯ ಮೀನು ಸಾಕಲು ಶುರು ಮಾಡಿದ ಪರಿಚಯದವರೆಲ್ಲ ಕೇಳುವುದು ಒಂದೇ ಪ್ರಶ್ನೆ, ನೀರು ಪರೀಕ್ಷೆಗೆ ಯಾವ ಟೆಸ್ಟ್ ಕಿಟ್ ತಗೊಳ್ಳಲಿ ಅಂತ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಎಪಿಐ ಕಂಪನಿಯ ಫ್ರೆಶ್‌ವಾಟರ್ ಮಾಸ್ಟರ್ ಟೆಸ್ಟ್ ಕಿಟ್ ತಗೊಳ್ಳಿ, ಜೊತೆಗೆ ಅವರದ್ದೇ ಜಿಎಚ್-ಕೆಎಚ್ ಕಿಟ್ಟನ್ನೂ (ಜಿಎಚ್ ಅಂದರೆ ನೀರಿನ ಗಡಸುತನ, ಕೆಎಚ್ ಅಂದರೆ ಆಮ್ಲವನ್ನು ತಡೆದುಕೊಳ್ಳುವ ಶಕ್ತಿ) ಬೇರೆಯಾಗಿ ತರಿಸಿಕೊಳ್ಳಿ. ಎರಡಕ್ಕೂ ಒಟ್ಟಿಗೆ ದುಡ್ಡು ಹೊಂದುವುದಿಲ್ಲ ಅಂದರೆ, ಹೊಸ ಟ್ಯಾಂಕಿನವರು ಮೊದಲು ದೊಡ್ಡ ಕಿಟ್ ತಗೊಳ್ಳಿ. ಟ್ಯಾಂಕ್ ಹಳೆಯದಾಗಿ, ಶಿರಸಿ-ಸಿದ್ದಾಪುರದ ಬಾವಿ ನೀರಲ್ಲಿ ಆಫ್ರಿಕಾದ ಮಲಾವಿ ಸರೋವರದ ಮೀನು ಇಟ್ಟವರು ಮೊದಲು ಸಣ್ಣದನ್ನೇ ತಗೊಳ್ಳಿ. ಯಾಕೆ ಅನ್ನುವುದೇ ಈ ರಿವ್ಯೂ.

ಪೆಟ್ಟಿಗೆಯಲ್ಲಿ ಏಳು ಬಾಟಲಿ, ಮುಚ್ಚಳವಿರುವ ಗಾಜಿನ ಕೊಳವೆಗಳು, ಬಣ್ಣದ ಕಾರ್ಡು ಇರುತ್ತವೆ. ಪಿಎಚ್ (ನೀರು ಆಮ್ಲವೋ ಕ್ಷಾರವೋ ಅನ್ನುವ ಅಳತೆ), ಹೈ ರೇಂಜ್ ಪಿಎಚ್, ಅಮೋನಿಯಾ (ಮೀನಿನ ಗಲೀಜಿನಿಂದ ಹುಟ್ಟುವ ವಿಷ), ನೈಟ್ರೈಟ್, ನೈಟ್ರೇಟ್, ಇಷ್ಟನ್ನು ನೋಡಬಹುದು. ಸುಮಾರು 800 ಟೆಸ್ಟ್ ಆಗುತ್ತದೆ ಅಂತ ಕಂಪನಿಯೇ ಹೇಳುತ್ತದೆ. ಒಮ್ಮೆಗೆ ಸಾವಿರಗಟ್ಟಲೆ ಕೊಡಬೇಕು, ನಿಜ, ಆದರೆ ಒಂದೊಂದು ಟೆಸ್ಟಿಗೆ ಲೆಕ್ಕ ಹಾಕಿದರೆ ನೀರಿಗೆ ಅದ್ದಿ ಬಣ್ಣ ನೋಡುವ ಸ್ಟ್ರಿಪ್‌ಗಿಂತ ಅಗ್ಗವೇ ಬೀಳುತ್ತದೆ. ಸ್ಟ್ರಿಪ್ ನಮ್ಮ ಕಡೆಗೆ ಆಗಿಬರುವುದೂ ಇಲ್ಲ ಬಿಡಿ. ಜೂನ್ ಬಂದರೆ ಹಪ್ಪಳ, ಬೆಂಕಿಪೆಟ್ಟಿಗೆ ಎಲ್ಲ ಥಂಡಿ ಹಿಡಿಯುವ ಊರು ಇದು, ಸ್ಟ್ರಿಪ್ ಡಬ್ಬಿಯ ಮುಚ್ಚಳ ನಾಲ್ಕು ಸಲ ತೆಗೆದು ಹಾಕಿದರೆ ಒಳಗಿನ ಪಟ್ಟಿಗೆ ತೇವ ತಾಗಿ ಬಣ್ಣ ಏನೇನೋ ಆಗುತ್ತದೆ. ಹನಿ ಹಾಕುವ ಕಿಟ್‌ಗೆ ಆ ಕಾಟ ಇಲ್ಲ.

ಬಳಸುವುದು ಕಷ್ಟವಲ್ಲ. 5 ಎಂಎಲ್ ನೀರು, ಹೇಳಿದಷ್ಟು ಹನಿ, ಹೇಳಿದಷ್ಟು ಹೊತ್ತು. ನೈಟ್ರೇಟ್ ಒಂದರಲ್ಲಿ ಮಾತ್ರ ಸೋಮಾರಿತನ ನಡೆಯುವುದಿಲ್ಲ. ಅದರ ಎರಡನೇ ಬಾಟಲಿಯ ಪುಡಿ ತಳಕ್ಕೆ ಕೂತುಬಿಡುತ್ತದೆ. ಬಾಟಲಿಯನ್ನು 30 ಸೆಕೆಂಡ್ ಜೋರಾಗಿ ಅಲ್ಲಾಡಿಸಬೇಕು, ಹನಿ ಹಾಕಿದ ಮೇಲೆ ಕೊಳವೆಯನ್ನು ಮತ್ತೆ ಒಂದು ನಿಮಿಷ ಅಲ್ಲಾಡಿಸಬೇಕು, ಆಮೇಲೆ 5 ನಿಮಿಷ ಕಾಯಬೇಕು. ಸುಮ್ನೆ ಎರಡು ಸಲ ಕುಲುಕಿ "ನನ್ನ ಟ್ಯಾಂಕಲ್ಲಿ ನೈಟ್ರೇಟ್ ಇಲ್ಲವೇ ಇಲ್ಲ" ಅನ್ನುವವರ ಟ್ಯಾಂಕಲ್ಲಿ ನಿಜಕ್ಕೂ 80 (ಲೀಟರಿಗೆ ಇಷ್ಟು ಮಿಲಿಗ್ರಾಂ) ಇರಬಹುದು! ಬಣ್ಣವನ್ನು ಹಗಲು ಬೆಳಕಲ್ಲಿ, ಬಿಳಿ ಹಾಳೆ ಹಿಂದೆ ಇಟ್ಟು ನೋಡಿ. ರಾತ್ರಿ ಟ್ಯೂಬ್‌ಲೈಟಿನಲ್ಲಿ ಅಮೋನಿಯಾ ಸೊನ್ನೆಗೂ 0.25ಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಇದು ಬಣ್ಣ ನೋಡಿ ಹೇಳುವ ಎಲ್ಲ ಕಿಟ್‌ಗಳ ಹಣೆಬರಹ.

ಪಿಎಚ್ ಬಗ್ಗೆ ಒಂದು ಮಾತು, ಇದನ್ನು ಅಂಗಡಿಯವರು ಯಾರೂ ಹೇಳುವುದಿಲ್ಲ. ಹೈ ರೇಂಜ್ ಬಾಟಲಿ ತೋರಿಸುವುದು 7.4ರಿಂದ 8.8ರ ವರೆಗೆ ಮಾತ್ರ. ನೀರು ನಿಜಕ್ಕೂ 6ಕ್ಕೆ ಇಳಿದಿದ್ದರೂ ಅದರಲ್ಲಿ 7.4ರ ಬಣ್ಣವೇ ಕಾಣುತ್ತದೆ. ಮಲಾವಿ ಮೀನು ಅಂತ ಹೈ ರೇಂಜ್ ಒಂದನ್ನೇ ಹಾಕಿ, "ಸ್ವಲ್ಪ ಕಮ್ಮಿ ಇದೆ, ಅಡ್ಡಿಲ್ಲ" ಅಂತ ಕೂತರೆ ಕೆಟ್ಟಿತು. ಎರಡನ್ನೂ ಹಾಕಿ ನೋಡಿ.

ಈಗ ಆ ಕಮ್ಮಿ ಬಾಟಲಿಯ ವಿಷಯ. ಮಲಾವಿ ಸರೋವರದ ನೀರಿನ ಪಿಎಚ್ ಸುಮಾರು 7.7ರಿಂದ 8.6, ಕೆಎಚ್ ಆರೇಳು ಡಿಗ್ರಿ. ಟ್ಯಾಂಗನಿಕಾ ಸರೋವರ ಆದರೆ ಇನ್ನೂ ಗಡಸು. ನಮ್ಮದೋ ಚಿರೇಕಲ್ಲಿನ ನೆಲ, ನೀರಲ್ಲಿ ಸುಣ್ಣದ ಅಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ, ಮಳೆಗಾಲದಲ್ಲಂತೂ ಬಾವಿಗೆ ಬಂದು ತುಂಬುವುದು ಮಳೆ ನೀರೇ. ನಮ್ಮ ಮನೆ ಬಾವಿ ನೀರಿಗೆ ಕೆಎಚ್ ದ್ರಾವಣ ಹಾಕಿದರೆ ಒಂದೇ ಹನಿಗೆ ಹಳದಿ. ಹಳದಿ ಆಗಲು ಬೇಕಾದ ಒಂದೊಂದು ಹನಿಯೂ ಒಂದು ಡಿಗ್ರಿ. ಇಷ್ಟು ಮೆದು ನೀರು ಇರುವವರು 10 ಎಂಎಲ್ ತಗೊಂಡು ಮಾಡಿ, ಆಗ ಒಂದು ಹನಿಗೆ ಅರ್ಧ ಡಿಗ್ರಿ ಲೆಕ್ಕ ಸಿಗುತ್ತದೆ.

ಕೆಎಚ್ ಇಷ್ಟು ಕಮ್ಮಿ ಇದ್ದರೆ ಏನಾಗುತ್ತದೆ ಅಂದರೆ, ಫಿಲ್ಟರಿನ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುವಾಗ ದಿನವೂ ಸ್ವಲ್ಪ ಸ್ವಲ್ಪ ಆಮ್ಲ ಹುಟ್ಟುತ್ತದೆ. ಅದನ್ನು ತಡೆದುಕೊಳ್ಳುವುದು ಕೆಎಚ್. ಅದು ಖರ್ಚಾಗಿ ಮುಗಿದ ದಿನ ಪಿಎಚ್ ಧಡಕ್ಕನೆ ಇಳಿಯುತ್ತದೆ, 6.5ಕ್ಕಿಂತ ಕೆಳಗೆ ಹೋದರೆ ಬ್ಯಾಕ್ಟೀರಿಯಾದ ಕೆಲಸವೂ ನಿಧಾನವಾಗಿ, 6ರ ಹತ್ತಿರ ಬಹುತೇಕ ನಿಂತೇ ಹೋಗುತ್ತದೆ, ಅಮೋನಿಯಾ ಕೂಡುತ್ತಾ ಹೋಗುತ್ತದೆ. ಇಲ್ಲೇ ಇರುವುದು ತಮಾಷೆ. ಪಿಎಚ್ ಕಮ್ಮಿ ಇರುವಾಗ ಆ ಅಮೋನಿಯಾ ಅಷ್ಟು ವಿಷವಲ್ಲದ ಅಮೋನಿಯಂ ರೂಪದಲ್ಲಿರುತ್ತದೆ, ಮೀನು ಹೇಗೋ ಈಜಾಡಿಕೊಂಡಿರುತ್ತವೆ. ಗಾಬರಿಯಾಗಿ ಒಮ್ಮೆಲೇ ಪಿಎಚ್ ಏರಿಸಿದಿರೋ, ಅದೇ ಅಮೋನಿಯಾ ವಿಷವಾಗುತ್ತದೆ. ಪಿಎಚ್ 7ರಿಂದ 8ಕ್ಕೆ ಹೋದರೆ ವಿಷದ ಪಾಲು ಹೆಚ್ಚುಕಮ್ಮಿ ಹತ್ತು ಪಟ್ಟು. ಕಿಟ್ ತೋರಿಸುವುದು ಎರಡೂ ಸೇರಿದ ಮೊತ್ತ. ಹಾಗಾಗಿ ಅಮೋನಿಯಾದ ಅಂಕಿಯನ್ನು ಪಿಎಚ್ ಜೊತೆಗೇ ಓದಬೇಕು. ಆಫ್ರಿಕನ್ ಟ್ಯಾಂಕಲ್ಲಿ 0.5 ಕಂಡರೆ ಅದು ಸಣ್ಣ ಮಾತಲ್ಲ.

ಇದೆಲ್ಲ ಶುರುವಾಗುವುದು ಕೆಎಚ್‌ನಿಂದ, ಆದರೆ ಮಾಸ್ಟರ್ ಅಂತ ಹೆಸರಿಟ್ಟ ಪೆಟ್ಟಿಗೆಯಲ್ಲಿ ಕೆಎಚ್ ಬಾಟಲಿಯೇ ಇಲ್ಲ, ಬೇರೆ ಕೊಳ್ಳಬೇಕು. ಗಡಸು ನೀರಿನ ಊರಿನವರಿಗೆ ಇದು ದೊಡ್ಡ ವಿಷಯವಲ್ಲ. ನಮಗೆ ದೊಡ್ಡದು. ಐದು ಸ್ಟಾರಿನಲ್ಲಿ ಒಂದನ್ನು ನಾನು ಕಡಿದಿದ್ದು ಇದಕ್ಕೇ.

ಕಮ್ಮಿ ಅಂತ ಗೊತ್ತಾದ ಮೇಲೆ ಸರಿ ಮಾಡುವುದು ಸುಲಭ, ಮತ್ತೆ ದುಡ್ಡು ಸುರಿಯಬೇಕಿಲ್ಲ. ಕುಮಟಾ ಕಡೆ ನೆಂಟರಿದ್ದರೆ ಅಘನಾಶಿನಿಯ ಬಳಚಿನ ಚಿಪ್ಪು ತರಿಸಿ, ಚೆನ್ನಾಗಿ ಕುದಿಸಿ ತೊಳೆದು ಜಜ್ಜಿ, ಬಲೆಯ ಚೀಲದಲ್ಲಿ ಫಿಲ್ಟರಿಗೆ ಹಾಕಿ. ಪಿಎಚ್ ಇಳಿದಾಗ ಬೇಗ ಕರಗುತ್ತದೆ, 8ರ ಹತ್ತಿರ ಬಂದರೆ ಕರಗುವುದು ತುಂಬಾ ನಿಧಾನ. ಇನ್ನೂ ಬೇಕು ಅಂದರೆ ಅಡುಗೆ ಸೋಡಾ. 50 ಲೀಟರಿಗೆ ಒಂದು ಸಮ ಟೀ ಚಮಚ ಹಾಕಿದರೆ ಕೆಎಚ್ ಮೂರರಿಂದ ನಾಲ್ಕು ಡಿಗ್ರಿ ಏರುತ್ತದೆ. ಬದಲಾಯಿಸುವ ನೀರಿಗೇ ಕರಗಿಸಿ ಹಾಕಿ, ಹಲವು ದಿನಗಳಲ್ಲಿ ಸ್ವಲ್ಪ ಸ್ವಲ್ಪವೇ ಏರಿಸಿ. ಬೇಕಿಂಗ್ ಪೌಡರ್ ಬೇರೆ ವಸ್ತು, ಅದು ಬೇಡ. ಕವಳದ ಸುಣ್ಣ ಹಾಕಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ ಮಾರಾಯ್ರೇ, ಅದು ಪಿಎಚ್‌ನ್ನು ಒಂದೇ ಏಟಿಗೆ ಎಲ್ಲಿಗೋ ಒಯ್ದುಬಿಡುತ್ತದೆ.

ಕಾರವಾರ, ಅಂಕೋಲಾದಲ್ಲಿ ಹೊಳೆಬಾಯಿಯ ಹತ್ತಿರ ಇರುವವರ ಕತೆ ಬೇರೆ. ಬೇಸಿಗೆಯಲ್ಲಿ ಬಾವಿಗೆ ಉಪ್ಪು ನುಗ್ಗುತ್ತದೆ, ಅದನ್ನು ಈ ಕಿಟ್ ಹಿಡಿಯುವುದಿಲ್ಲ. ಒಂದು ಟಿಡಿಎಸ್ ಮೀಟರ್ (ನೀರಲ್ಲಿ ಕರಗಿದ ಲವಣ ಅಳೆಯುವ ಉಪಕರಣ) ಇಟ್ಟುಕೊಳ್ಳಿ. ನಗರಸಭೆ ನಲ್ಲಿ ನೀರು ಹಾಕುವವರು, ಕ್ಲೋರಿನ್ ನೋಡುವ ಬಾಟಲಿಯೂ ಇದರಲ್ಲಿಲ್ಲ ಅನ್ನುವುದು ನೆನಪಿರಲಿ. ಕ್ಲೋರಿನ್ ತೆಗೆಯುವ ದ್ರಾವಣ ಹಾಕದೆ ನೀರು ಬಿಡಬೇಡಿ.

ಕೊಳ್ಳುವಾಗ ಒಂದು ಎಚ್ಚರ. ಆನ್‌ಲೈನ್ ಮಾರಾಟಗಾರನೊಬ್ಬ ನನಗೆ ಹಳೇ ಸ್ಟಾಕ್ ಕಳಿಸಿದ್ದ, ಒಂದು ಬಾಟಲಿ ಸೋರಿ ಕಾರ್ಡೆಲ್ಲ ಕಲೆ. ಜಗಳಾಡಿದ ಮೇಲೆ ವಾಪಸ್ ತಗೊಂಡ. ಬಾಟಲಿಯ ಲಾಟ್ ನಂಬರಿನ ಕೊನೆಯ ನಾಲ್ಕು ಅಂಕಿ ತಯಾರಾದ ತಿಂಗಳು ಮತ್ತು ವರ್ಷ, ಬಂದ ಕೂಡಲೇ ನೋಡಿ. ಪೇಟೆಯ ಅಂಗಡಿಯಲ್ಲಿ ಕೇಳಿದರೆ "ನೀರು ತಿಳಿಯಾಗಿದೆಯಲ್ಲ ಸರ್, ಟೆಸ್ಟ್ ಯಾಕೆ" ಅನ್ನುತ್ತಾರೆ. ಅಮೋನಿಯಾ ಇರುವ ನೀರೂ ತಿಳಿಯಾಗಿಯೇ ಇರುತ್ತದೆ, ಅಲ್ವಾ?

ಯಾರಿಗೆ ಇಷ್ಟೆಲ್ಲ ಬೇಡ? ಏಂಜೆಲ್, ಆಸ್ಕರ್, ರ‍್ಯಾಮ್ ಥರದ ದಕ್ಷಿಣ ಅಮೆರಿಕದ ಸಿಕ್ಲಿಡ್ ಸಾಕುವವರಿಗೆ ನಮ್ಮ ಮೆದು ನೀರೇ ಹೇಳಿ ಮಾಡಿಸಿದ್ದು, ಸೋಡಾ ಹಾಕಿ ಕೆಎಚ್ ಏರಿಸುವ ಕೆಲಸ ಬೇಡ. ಆದರೆ ಆಸ್ಕರ್ ತಿನ್ನುವುದೂ ಜಾಸ್ತಿ, ಗಲೀಜು ಮಾಡುವುದೂ ಜಾಸ್ತಿ. ಅಂಥ ಟ್ಯಾಂಕಲ್ಲಿ ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ, ನೈಟ್ರೇಟ್ 40 ದಾಟದಂತೆ ನೋಡಿಕೊಳ್ಳಿ. ಕೆಎಚ್ ಎರಡಕ್ಕಿಂತ ಕೆಳಗೆ ಇಳಿದರೆ ಅವರೂ ಒಂದು ಹಿಡಿ ಚಿಪ್ಪು ಹಾಕುವುದು ಒಳ್ಳೆಯದು.