ಕ್ಯಾಸ್9 ಬೇಕಾ, ಬೇಸ್ ಎಡಿಟರ್ ಬೇಕಾ?

ಲ್ಯಾಬಿನಲ್ಲಿ ಜೀನ್ ತಿದ್ದಲು ಹೊರಟಿದ್ದೀರಾ? ಮೊದಲು ಗುರಿ ಯಾವುದೆಂದು ಗಟ್ಟಿ ಮಾಡಿಕೊಳ್ಳಿ.

ಜೀನ್ ಕೆಲಸ ನಿಲ್ಲಿಸಬೇಕಷ್ಟೇ ಅಂದರೆ ಕತ್ತರಿಯಂತಿರುವ ಕ್ಯಾಸ್9 ಪ್ರೋಟೀನ್ ಸಾಕು. ಅದು ಡಿಎನ್‌ಎಯ ಎರಡೂ ಎಳೆಗಳನ್ನು ಕತ್ತರಿಸುತ್ತದೆ. ಜೀವಕೋಶ ತುದಿಗಳನ್ನು ಜೋಡಿಸುವಾಗ ಡಿಎನ್‌ಎಯ ಕೆಲವು ಅಕ್ಷರಗಳು (ಎ, ಟಿ, ಜಿ, ಸಿ) ಬಿಟ್ಟುಹೋಗುತ್ತವೆ, ಇಲ್ಲವೇ ಹೊಸದಾಗಿ ಸೇರುತ್ತವೆ; ಜೀನ್ ಕೆಡುತ್ತದೆ. 2023ರಲ್ಲಿ ಒಪ್ಪಿಗೆ ಪಡೆದ ಸಿಕಲ್ ಸೆಲ್ (ಹಿಮೋಗ್ಲೋಬಿನ್ ದೋಷದಿಂದ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ರೋಗ) ಚಿಕಿತ್ಸೆ ಕ್ಯಾಸ್ಜೆವಿಯ ದಾರಿಯೂ ಇದೇ. ಭ್ರೂಣದ ಹಿಮೋಗ್ಲೋಬಿನ್ ತಡೆಯುವ ಬಿಸಿಎಲ್11ಎ ಜೀನನ್ನು ರಕ್ತಕೋಶಗಳಲ್ಲಿ ನಡೆಸುವ ಸ್ವಿಚ್ ಕೆಡಿಸಿದರೆ, ಆ ಹಿಮೋಗ್ಲೋಬಿನ್ ಮತ್ತೆ ಹುಟ್ಟಿ ದೋಷದ್ದರ ಜಾಗ ತುಂಬುತ್ತದೆ. ಎಂಥ ಜಾಣ ಉಪಾಯ, ಅಲ್ವಾ!

ಒಂದೇ ಅಕ್ಷರ ಬದಲಿಸಬೇಕಾದರೆ ನನ್ನ ಆಯ್ಕೆ 2016ರಲ್ಲಿ ಬಂದ ಬೇಸ್ ಎಡಿಟರ್. ಎರಡೂ ಎಳೆ ಒಟ್ಟಿಗೆ ತುಂಡಾಗುವುದಿಲ್ಲ, ಅದು ದೊಡ್ಡ ನೆಮ್ಮದಿ. ಆದರೆ ಮುಖ್ಯವಾಗಿ ಎರಡೇ ಬದಲಾವಣೆ ಸಾಧ್ಯ: ಸಿ ಅಕ್ಷರವನ್ನು ಟಿ ಮಾಡುವುದು, ಎ ಅಕ್ಷರವನ್ನು ಜಿ ಮಾಡುವುದು. ಸಿಕಲ್ ಸೆಲ್‌ನಲ್ಲಿ ಎ ಇರಬೇಕಾದಲ್ಲಿ ಟಿ ಬಂದಿರುತ್ತದೆ. ಅದನ್ನು ಇದು ಮೊದಲಿನಂತೆ ಮಾಡಲಾರದು. ಎದುರು ಎಳೆಯ ಎ ಅಕ್ಷರವನ್ನು ಜಿ ಮಾಡಿ, ಹಿಮೋಗ್ಲೋಬಿನ್‌ನ ತೊಂದರೆ ಕೊಡದ ಮಕಸ್ಸರ್ ಎಂಬ ರೂಪ ಪಡೆಯಬಹುದು. ಪಕ್ಕದ ಅಕ್ಷರವೂ ಬದಲಾಗುವ ಸಾಧ್ಯತೆ ಇದೆ, ಹಾಗಾಗಿ ಸೀಕ್ವೆನ್ಸಿಂಗ್ (ಡಿಎನ್‌ಎ ಅಕ್ಷರಗಳನ್ನು ಓದಿ ನೋಡುವುದು) ಮಾಡದೆ ಮುಂದೆ ಹೋಗಬೇಡಿ.

ಎ ಅಕ್ಷರವೇ ವಾಪಸ್ ಬೇಕೆಂದರೆ ಬೇಕಾದ ಅಕ್ಷರವನ್ನೇ ಬರೆಯಬಲ್ಲ 2019ರ ಪ್ರೈಮ್ ಎಡಿಟಿಂಗ್ ನೋಡಿ. ಹೊಂದಿಸಲು ಜಾಸ್ತಿ ತಾಳ್ಮೆ ಬೇಕು.