ದವಡೆ ನೋವಿಗೆ ನೈಟ್ ಗಾರ್ಡಾ, ವ್ಯಾಯಾಮವಾ?

ಬೆಳಿಗ್ಗೆ ಎದ್ದಾಗಲೇ ದವಡೆ ಬಿಗಿದಿರುತ್ತದೆ, ಹಲ್ಲಿನ ತುದಿಯೂ ಸವೆದಿದೆ ಅಂದರೆ ನಿದ್ದೆಯಲ್ಲಿ ಹಲ್ಲು ಕಡಿಯುತ್ತಿರಬಹುದು. ಆಗ ನೈಟ್ ಗಾರ್ಡ್, ಅಂದರೆ ಮಲಗುವಾಗ ಹಲ್ಲಿಗೆ ಹಾಕಿಕೊಳ್ಳುವ ಕವಚ, ಒಳ್ಳೆಯದು. ಖರ್ಚು ಜಾಸ್ತಿ, ದಂತವೈದ್ಯರು ಅಳತೆ ತೆಗೆದು ಮಾಡಿಸಿಕೊಡಬೇಕು, ಸವೆದರೆ ಬದಲಿಸಬೇಕು. ಅದು ಹಲ್ಲನ್ನು ಕಾಪಾಡುತ್ತದೆ, ಆದರೆ ಕಡಿಯುವುದನ್ನೇ ನಿಲ್ಲಿಸುತ್ತದೆ ಅಂತ ನಂಬಬೇಡಿ.

ವ್ಯಾಯಾಮಕ್ಕೆ ಖರ್ಚಿಲ್ಲ, ಆದರೆ ವಾರಗಟ್ಟಲೆ ತಾಳ್ಮೆ ಬೇಕು. ನಾಲಿಗೆಯ ತುದಿಯನ್ನು ಮೇಲಿನ ಹಲ್ಲುಗಳ ಹಿಂದೆ ಅಂಗುಳಿಗೆ ಒತ್ತಿಟ್ಟು, ನೋವಾಗದಷ್ಟು ಮಾತ್ರ ಬಾಯಿ ನಿಧಾನವಾಗಿ ತೆರೆದು ಮುಚ್ಚಿ, ಆಮೇಲೆ ಕೆನ್ನೆಗೆ ಬಿಸಿ ಬಟ್ಟೆಯ ಶಾಖ ಕೊಡಿ. ಹಗಲಲ್ಲಿ ಕೆಲಸದ ಒತ್ತಡಕ್ಕೆ ಹಲ್ಲು ಕಚ್ಚುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಮುಖ ತೊಳೆಯುವಾಗ, ಗಾಳಿ ತಾಗಿದಾಗ ಒಂದೇ ಕಡೆ ಕರೆಂಟ್ ಹೊಡೆದಂತೆ ನೋವಾ? ಎರಡೂ ಸಾಲದು. ಟ್ರೈಜೆಮಿನಲ್ ಅನ್ನುವ ಮುಖದ ನರದ ನೋವಿರಬಹುದು, ಸುಮ್ನೆ ಹಲ್ಲು ಕೀಳಿಸಿಕೊಳ್ಳಬೇಡಿ, ಮೊದಲು ನರರೋಗ ತಜ್ಞರಿಗೆ ತೋರಿಸಿ.