ಹಳೇ ಬಾಕ್ಸ್‌ಸ್ಟರ್ ಕೊಳ್ಳುವಾಗ ಕಿಲೋಮೀಟರ್ ಜೊತೆ ಎಂಜಿನ್ ಓಡಿದ ಗಂಟೆಯನ್ನೂ ಕೇಳಿ

ಕಾರು: ಪೋರ್ಷೆ ಬಾಕ್ಸ್‌ಸ್ಟರ್, 987 ಸರಣಿಯ ಎರಡನೇ ಹಂತದ್ದು, 2010ರ ಮಾಡೆಲ್. 2.9 ಲೀಟರ್ ಎಂಜಿನ್, ಆರು ಗೇರಿನ ಮ್ಯಾನುಯಲ್. ಕೊಂಡಾಗ 94,000 ಕಿ.ಮೀ. ಓಡಿತ್ತು. ಸ್ಟಟ್‌ಗಾರ್ಟ್ ಪಕ್ಕದ ಲುಡ್ವಿಗ್ಸ್‌ಬುರ್ಗ್‌ನಲ್ಲಿ ಒಬ್ಬ ನಿವೃತ್ತ ಮೇಷ್ಟ್ರ ಕೈಯಿಂದ 24,500 ಯೂರೋಗೆ ಬಂತು. ಇದೇ ಬೆಲೆಗೆ, ಇದರ ಅರ್ಧದಷ್ಟು ಮಾತ್ರ ಓಡಿದ್ದ ಇನ್ನೊಂದು ಬಾಕ್ಸ್‌ಸ್ಟರ್ ಸಿಗುತ್ತಿತ್ತು. ಅದನ್ನು ಬಿಟ್ಟು ಬಂದೆ. ಇಲ್ಲಿನ ಕನ್ನಡದ ಗೆಳೆಯರಲ್ಲಿ ಅರ್ಧ ಜನ ಇದಕ್ಕೆ ಇನ್ನೂ ನನ್ನನ್ನು ರೇಗಿಸುತ್ತಾರೆ.

ನನ್ನ ಅನ್ನ ಬರುವುದು ಎಂಜಿನ್ ಕಂಟ್ರೋಲ್ ಯುನಿಟ್‌ಗಳಿಂದ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್‌ಗಳಿಂದ. ಆಡುಗೋಡಿಯಲ್ಲಿ ಶುರುವಾದ ಕೆಲಸ ಈಗ ಸ್ಟಟ್‌ಗಾರ್ಟ್‌ಗೆ ತಂದು ನಿಲ್ಲಿಸಿದೆ. ಹಾಗಾಗಿ ಮಾರುವವರ ಬಾಯಿಮಾತಿಗಿಂತ ಆ ಅಲ್ಯೂಮಿನಿಯಂ ಡಬ್ಬಿ ಬರೆದಿಟ್ಟುಕೊಂಡಿರುವ ಲೆಕ್ಕದ ಮೇಲೆ ನನಗೆ ನಂಬಿಕೆ ಜಾಸ್ತಿ. ಬಾಕ್ಸ್‌ಸ್ಟರ್ ವಿಷಯದಲ್ಲಂತೂ ಬೇರೆ ದಾರಿಯೂ ಇಲ್ಲ, ಯಾಕೆಂದರೆ ಇದರ ಎಂಜಿನ್ ಕಣ್ಣಿಗೇ ಬೀಳುವುದಿಲ್ಲ. ಸೀಟಿನ ಹಿಂದೆ, ಬಟ್ಟೆ ಚಾವಣಿ ಮಡಚಿಕೊಳ್ಳುವ ಜಾಗದ ಕೆಳಗೆ ಅಡಗಿ ಕೂತಿದೆ. ಬಾನೆಟ್ ಎತ್ತಿದರೆ ಸಾಮಾನು ಇಡುವ ಗುಂಡಿ, ಹಿಂದೆ ಎತ್ತಿದರೆ ಇನ್ನೊಂದು ಗುಂಡಿ. ಆಯಿಲ್ ಮತ್ತು ಕೂಲೆಂಟ್ ಹಾಕುವ ಎರಡು ಮುಚ್ಚಳ ಹಿಂದಿನ ಡಿಕ್ಕಿಯಲ್ಲಿ ಕಾಣುತ್ತವೆ, ಅಷ್ಟೇ. 987ರಲ್ಲಿ ಆಯಿಲ್ ನೋಡುವ ಕಡ್ಡಿಯನ್ನೂ ತೆಗೆದುಬಿಟ್ಟಿದ್ದಾರೆ, ಮಟ್ಟ ಡ್ಯಾಶ್‌ಬೋರ್ಡಿನಲ್ಲಿ ತೋರಿಸುತ್ತದೆ. ತುಮಕೂರಿನಲ್ಲಿ ಮೂವತ್ತು ವರ್ಷ ಲಾರಿ ನಡೆಸಿದ ನನ್ನ ಸೋದರಮಾವ ಫೋನಿನಲ್ಲಿ ಮೊದಲು ಕೇಳಿದ್ದು, "ಏನಪ್ಪಾ, ಅಷ್ಟು ದುಡ್ಡು ಕೊಟ್ಟು ಎರಡೇ ಸೀಟಾ?" ಅಂತ. ಎರಡನೆಯದು, "ಆಯಿಲ್ ಕಡ್ಡಿ ಹೊರಗೆ ತೆಗೆದು ಮೂಸಿ ನೋಡಿದ್ಯಾ?" ಕಡ್ಡಿಯೇ ಇಲ್ಲ ಮಾವ ಅಂದಾಗ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. "ಹಂಗಾದ್ರೆ ಅದನ್ನ ಹೆಂಗೆ ನಂಬಿ ತಗೊಂಡೆ?"

ಕೇಳಬೇಕಾದ ಪ್ರಶ್ನೆಯೇ. ಬಾಕ್ಸ್‌ಸ್ಟರ್ ಬಗ್ಗೆ ಹೆದರಿಸುವವರು ಹೇಳುವ ಮೊದಲ ಮಾತು ಐಎಂಎಸ್ ಬೇರಿಂಗ್. ಕ್ರ್ಯಾಂಕ್‌ಶಾಫ್ಟಿನಿಂದ ವಾಲ್ವ್ ತೆರೆಯುವ ಕ್ಯಾಮ್ ಕಡೆಗೆ ಚಲನೆ ಸಾಗಿಸುವ ಒಂದು ಮಧ್ಯದ ಶಾಫ್ಟ್ ಈ ಹಳೆಯ ಎಂಜಿನ್‌ಗಳಲ್ಲಿದೆ. ಅದರ ತುದಿಯಲ್ಲಿ ಸೀಲ್ ಹಾಕಿದ ಒಂದು ಬಾಲ್ ಬೇರಿಂಗ್. ವರ್ಷಗಳು ಕಳೆದಂತೆ ಸೀಲ್ ಸೋತು, ಒಳಗಿನ ಗ್ರೀಸ್ ತೊಳೆದುಹೋಗಿ, ಬೇರಿಂಗ್ ಕೈಕೊಟ್ಟರೆ ಟೈಮಿಂಗ್ ತಪ್ಪುತ್ತದೆ. ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿದರೆ ಎಂಜಿನ್ ಕತೆ ಮುಗಿಯಿತು. ಇದು ಬರೀ ಗಾಳಿಸುದ್ದಿ ಅಲ್ಲ. ಅಮೆರಿಕದಲ್ಲಿ ಗ್ರಾಹಕರು ಸಾಮೂಹಿಕ ಮೊಕದ್ದಮೆ ಹೂಡಿ, 2013ರಲ್ಲಿ ರಾಜಿಯಾಯಿತು. 2001ರ ಮೇಯಿಂದ 2005ರ ಫೆಬ್ರವರಿವರೆಗೆ ತಯಾರಾದ ಬಾಕ್ಸ್‌ಸ್ಟರ್ ಮತ್ತು 911 ಕಾರುಗಳು ಅದರ ವ್ಯಾಪ್ತಿಗೆ ಬಂದವು.

ಆದರೆ ಎಲ್ಲ ಬಾಕ್ಸ್‌ಸ್ಟರ್‌ಗಳನ್ನೂ ಒಂದೇ ಹಗ್ಗದಲ್ಲಿ ಕಟ್ಟುವುದು ತಪ್ಪು. 987ಕ್ಕಿಂತ ಹಿಂದಿನ ಸರಣಿಯಾದ 986ರ ಶುರುವಿನ ವರ್ಷಗಳಲ್ಲಿ ಎರಡು ಸಾಲು ಗುಂಡುಗಳ ಬೇರಿಂಗ್ ಇತ್ತು, ಅದು ಗಟ್ಟಿ. ಆಮೇಲೆ ಬಂದ ಒಂದೇ ಸಾಲಿನದ್ದೇ ತಲೆನೋವಿನದು. ಗೇರ್‌ಬಾಕ್ಸ್ ಇಳಿಸಿದರೆ ಅದನ್ನು ಬದಲಿಸಬಹುದು, ಹಾಗಾಗಿ ಕ್ಲಚ್ ಬದಲಿಸುವಾಗಲೇ ಈ ಕೆಲಸವನ್ನೂ, ಹಿಂದಿನ ಆಯಿಲ್ ಸೀಲನ್ನೂ ಒಟ್ಟಿಗೆ ಮುಗಿಸುವುದು ವಾಡಿಕೆ. 987 ಮೊದಲ ಹಂತದ ಬಹುತೇಕ ಕಾರುಗಳಲ್ಲಿ ದೊಡ್ಡ ಬೇರಿಂಗ್ ಬಂತು. ಅದು ಕೈಕೊಡುವುದು ಬಹಳ ಕಡಿಮೆ, ಆದರೆ ಬದಲಿಸಬೇಕು ಅಂದರೆ ಎಂಜಿನನ್ನೇ ಎರಡು ಹೋಳು ಮಾಡಬೇಕು. 2009ರ ಮಾಡೆಲ್‌ನಿಂದ ಬಂದ 9ಎ1 ಎಂಜಿನ್‌ನಲ್ಲಿ ಆ ಶಾಫ್ಟೇ ಇಲ್ಲ. ಇಲ್ಲದ ಬೇರಿಂಗ್ ಮುರಿಯುವುದಿಲ್ಲ. ನಾನು ಎರಡನೇ ಹಂತಕ್ಕೆ ಹೆಚ್ಚು ದುಡ್ಡು ಕೊಟ್ಟದ್ದು ಇದಕ್ಕೆ.

ಇನ್ನೊಂದು ಕಾಯಿಲೆ ಸಿಲಿಂಡರ್ ಗೋಡೆ ಗೀರುಬೀಳುವುದು. ಇದಕ್ಕೆ ಬೇರಿಂಗಿನಷ್ಟು ಸುದ್ದಿಯಿಲ್ಲ, ಆದರೆ ನನ್ನ ಲೆಕ್ಕದಲ್ಲಿ ಇದೇ ಹೆಚ್ಚು ಭಯದ್ದು. 987 ಮೊದಲ ಹಂತದ 3.4 ಲೀಟರ್ ಎಂಜಿನ್ ಇದಕ್ಕೆ ಹೆಸರುವಾಸಿ, 2.7 ಅಷ್ಟಿಲ್ಲ. ಹೆಚ್ಚಾಗಿ ನಾಲ್ಕರಿಂದ ಆರನೇ ಸಿಲಿಂಡರಿನ ಕಡೆ ಕಾಣುತ್ತದೆ. ಆಯಿಲ್ ಕುಡಿಯುವುದು, ಟಿಕ್ ಟಿಕ್ ಸದ್ದು, ಸೈಲೆನ್ಸರ್ ಬಾಯಲ್ಲಿ ಕಪ್ಪು ಮಸಿ, ಇವು ಲಕ್ಷಣ. ಖಾತ್ರಿ ಬೇಕೆಂದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಒಳಗೆ ಕ್ಯಾಮೆರಾ ಇಳಿಸಬೇಕು. ಹಳೇ, ಹೆಚ್ಚು ಶಕ್ತಿಯ 'ಎಸ್' ಮಾಡೆಲ್ ನೋಡುತ್ತಿರುವವರು ಈ ತಪಾಸಣೆಗೆ ಒಪ್ಪದ ಮಾಲೀಕನ ಮನೆಯಲ್ಲಿ ಕಾಫಿ ಕುಡಿದು ಎದ್ದು ಬನ್ನಿ.

ಈಗ ಬಿಟ್ಟು ಬಂದ ಕಾರಿನ ಕತೆ. ಮೀಟರಿನಲ್ಲಿ 47,000 ಕಿ.ಮೀ. ಬಣ್ಣ ಕನ್ನಡಿಯ ಹಾಗೆ. ನಂಬರ್ ಪ್ಲೇಟಿನ ಅಂಚಿನಲ್ಲಿ 04 ಮತ್ತು 10 ಅಂತ ಬರೆದಿತ್ತು. ಇದು ಇಲ್ಲಿನ ಋತುವಿನ ನೋಂದಣಿ: ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ರಸ್ತೆಗೆ ಇಳಿಯಬಹುದು, ತೆರಿಗೆ, ಇನ್ಶೂರೆನ್ಸ್ ಆ ತಿಂಗಳುಗಳಿಗೆ ಮಾತ್ರ. ಚಳಿಗಾಲದಲ್ಲಿ ಉಪ್ಪು ಸುರಿದ ರಸ್ತೆ ಕಂಡೇ ಇಲ್ಲ ಅಂತ ಮಾಲೀಕ ಹೆಮ್ಮೆಯಿಂದ ಹೇಳಿದ. ಭಾನುವಾರ ಮಾತ್ರ ಬ್ಲ್ಯಾಕ್ ಫಾರೆಸ್ಟಿನ ಬಿ500 ರಸ್ತೆಯಲ್ಲಿ ಓಡಿಸುತ್ತಿದ್ದನಂತೆ.

ಡಯಾಗ್ನಾಸ್ಟಿಕ್ ಯಂತ್ರ ಹಚ್ಚಿ ಕಂಟ್ರೋಲ್ ಯುನಿಟ್ ಓದಿಸಿದರೆ ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಎಂಬುದು ಬರುತ್ತದೆ. ಇದು ತುಂಬ ಜನಕ್ಕೆ ಗೊತ್ತಿಲ್ಲ. ಕಿಲೋಮೀಟರನ್ನು ಗಂಟೆಯಿಂದ ಭಾಗಿಸಿ. ಊರು, ಹೆದ್ದಾರಿ ಎರಡರಲ್ಲೂ ಓಡಿದ ಕಾರಿಗೆ ಸರಾಸರಿ ಗಂಟೆಗೆ 40ರಿಂದ 60 ಕಿ.ಮೀ. ಬಂದರೆ ಸಹಜ. ಈ ಕಾರಿನದು 2,350 ಗಂಟೆ, ಅಂದರೆ ಸರಾಸರಿ 20. ಬಿ500ರಲ್ಲಿ ಗಂಟೆಗೆ ಇಪ್ಪತ್ತರಲ್ಲಿ ಹೋದರೆ ಹಿಂದೆ ಬರುವ ಸೈಕಲ್ಲಿನವನು ಬೆಲ್ ಮಾಡುತ್ತಾನೆ. ಮೀಟರ್ ತಿರುಗಿಸಿದ್ದಾರೆ ಅಂತ ನಾನು ಹೇಳಲಾರೆ. ಹಾಗೆ ಮಾಡುವುದು ಜರ್ಮನಿಯಲ್ಲಿ 2005ರಿಂದ ಶಿಕ್ಷಾರ್ಹ ಅಪರಾಧ. ಮೊದಲ ಮಾಲೀಕ ಪೂರಾ ಸಿಟಿ ಟ್ರಾಫಿಕ್ಕಿನಲ್ಲಿ ಓಡಿಸಿರಬಹುದು. ಆದರೆ ಅದೂ ಒಳ್ಳೆ ಸುದ್ದಿಯಲ್ಲ. ನಿಂತಲ್ಲೇ ಓಡಿದ ಎಂಜಿನ್‌ಗೆ ಕಿಲೋಮೀಟರ್ ಲೆಕ್ಕದಲ್ಲಿ ಆಯಿಲ್ ಬದಲಿಸಿದ್ದರೆ ಆಯಿಲ್ ಎಂದೋ ಸತ್ತಿರುತ್ತದೆ. ಸರ್ವಿಸ್ ಪುಸ್ತಕದಲ್ಲಿ ಒಂದು ಕಡೆ ನಾಲ್ಕು ವರ್ಷದ ಖಾಲಿ ಜಾಗವೂ ಇತ್ತು. ಕೇಳಿದರೆ, "ಓಡೇ ಇರಲಿಲ್ಲವಲ್ಲ, ಯಾಕೆ ಬದಲಿಸಬೇಕು?" ಎಂದ.

ನಾನು ಕೊಂಡದ್ದು ಸುಮಾರು 1,900 ಗಂಟೆಗೆ 94,000 ಕಿ.ಮೀ., ಸರಾಸರಿ 49. ಮೇಷ್ಟ್ರು ಆಯಿಲ್ ವರ್ಷಕ್ಕೊಮ್ಮೆ ಬದಲಿಸಿದ್ದಕ್ಕೆ ಬಿಲ್ ಇತ್ತು, ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ, ಅದಕ್ಕೂ ಬಿಲ್. ವಾಟರ್ ಪಂಪ್, ಇಗ್ನಿಷನ್ ಕಾಯಿಲ್ ಆರೂ ಹೊಸವು. ಫೈಲಿನಲ್ಲಿ ಪೆಟ್ರೋಲ್ ಬಂಕಿನ ರಸೀದಿ ಕೂಡ ಇದ್ದವು, ಅದು ಸ್ವಲ್ಪ ಅತಿಯಾಯಿತು ಅನ್ನಿಸಿತು.

ಅದೇ ರಿಪೋರ್ಟಿನಲ್ಲಿ ಎಂಜಿನ್ ಮಿತಿಮೀರಿ ತಿರುಗಿದ ಲೆಕ್ಕವೂ ಇರುತ್ತದೆ. ಎಷ್ಟು ಮಿತಿಮೀರಿತು ಎಂಬುದಕ್ಕೆ 987ರಲ್ಲಿ ಆರು ಮಟ್ಟ. ಒಂದು, ಎರಡರಲ್ಲಿ ಅಂಕಿ ಇದ್ದರೆ ಯಾರೋ ಖುಷಿಯಾಗಿ ಓಡಿಸಿದ್ದಾರೆ ಅಂತ ಅರ್ಥ, ಸ್ಪೋರ್ಟ್ಸ್ ಕಾರಲ್ಲವೇ. ನಾಲ್ಕರಿಂದ ಮೇಲೆ ಇದ್ದರೆ ಐದನೇ ಗೇರಿನಿಂದ ನಾಲ್ಕಕ್ಕೆ ಹಾಕುವ ಬದಲು ಎರಡಕ್ಕೆ ತಳ್ಳಿದ್ದಾರೆ ಅಂತ ಅನುಮಾನಿಸಿ. ಅದು ಎಷ್ಟನೇ ಗಂಟೆಯಲ್ಲಿ ಆದದ್ದು ಎಂಬುದನ್ನೂ ನೋಡಿ. ಸಾವಿರ ಗಂಟೆ ಹಿಂದಿನ ತಪ್ಪನ್ನು ಎಂಜಿನ್ ಅರಗಿಸಿಕೊಂಡಿದ್ದರೆ ಕ್ಷಮಿಸಬಹುದು, ಹೋದ ತಿಂಗಳಿನದಾದರೆ ಬೇಡ.

ಈ ತಪಾಸಣೆ ಮಾಡಿಸಿದ್ದು ಪೋರ್ಷೆಗಳನ್ನೇ ನೋಡುವ ಒಂದು ಚಿಕ್ಕ ಖಾಸಗಿ ವರ್ಕ್‌ಶಾಪಿನಲ್ಲಿ. 250 ಯೂರೋ ಆಯಿತು. ಕಂಪನಿಯ ಅಧಿಕೃತ ಕೇಂದ್ರದಲ್ಲಿ 111 ಅಂಶಗಳ ತಪಾಸಣೆ ಇದೆ, ವಾರಂಟಿ ಮುಂದುವರಿಸಬೇಕಾದವರಿಗೆ ಅದು ಬೇಕೇಬೇಕು. ನನಗೆ ಲಿಫ್ಟಿನ ಕೆಳಗೆ ನಿಂತು ಮಾತಾಡಿಸುವ ಮೆಕ್ಯಾನಿಕ್ ಬೇಕಿತ್ತು. ಆತ ಮಾತಾಡುವ ಸ್ವಾಬಿಯನ್ ಜರ್ಮನ್ ನನಗೆ ಅರ್ಧ ತಿಳಿಯಲಿಲ್ಲ, ಟಾರ್ಚ್ ಹಿಡಿದು ತೋರಿಸಿದ್ದು ಪೂರ್ತಿ ತಿಳಿಯಿತು. ಮುಂದಿನ ಬಂಪರಿನ ಎರಡು ಮೂಲೆಯಲ್ಲಿ ರೇಡಿಯೇಟರ್‌ಗಳಿವೆ, ಒಣಗಿದ ಎಲೆ ಅಲ್ಲಿ ಸೇರಿ ಕೊಳೆತು ಎಸಿ ಕಂಡೆನ್ಸರನ್ನು ತಿಂದುಹಾಕುತ್ತದೆ. ಅಲ್ಲಿ ಬೆರಳು ಹಾಕಿ ಕೆರೆದು ತೋರಿಸಿದ. ಹಿಂದಿನ ಡಿಕ್ಕಿಯ ಕಾರ್ಪೆಟ್ ಎತ್ತಿ ಕೂಲೆಂಟ್ ಡಬ್ಬಿ ಬಿರುಕು ಬಿಟ್ಟು ಸೋರಿದೆಯಾ ನೋಡಿದ. ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ಎತ್ತಿದ: ಸುಲಭಕ್ಕೆ ಬಾರದಷ್ಟು ಬಲವಾಗಿ ಒಳಗೆ ಎಳೆದುಕೊಂಡರೆ ಎಂಜಿನ್ ಒಳಗಿನ ಆವಿಯಿಂದ ಆಯಿಲ್ ಬೇರ್ಪಡಿಸುವ ಸೆಪರೇಟರ್ ಹೋಗಿದೆ ಅಂತ. ಹಾಗೆ ಹೋದಾಗ ಬೀದಿ ತುಂಬ ಬಿಳಿ ಹೊಗೆ ಬರುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ತುತ್ತು ಹೊಗೆ ಬಂದರೆ ಮಾತ್ರ ಗಾಬರಿ ಬೇಡ. ಸಿಲಿಂಡರ್‌ಗಳು ಮಲಗಿರುವ ಎಂಜಿನ್ ಇದು, ರಾತ್ರಿ ಸ್ವಲ್ಪ ಆಯಿಲ್ ಒಳಗೆ ಇಳಿದಿರುತ್ತದೆ.

ಚಾವಣಿಯ ನೀರು ಹೋಗುವ ತೂತು ಕಟ್ಟಿಕೊಂಡಿದೆಯಾ ಅಂತಲೂ ನೋಡಬೇಕು. ಹಳೆಯ 986ರಲ್ಲಿ ಸೀಟಿನ ಕೆಳಗೇ ಅಲಾರಂ ಯುನಿಟ್ ಇದೆ, ಒಳಗೆ ನೀರು ನಿಂತರೆ ಕಾರು ಸ್ಟಾರ್ಟೇ ಆಗುವುದಿಲ್ಲ. ಟೈರಿನ ಮೇಲಿನ ನಾಲ್ಕಂಕಿ ಓದಿ. 3512 ಎಂದಿದ್ದರೆ 2012ರ 35ನೇ ವಾರದ್ದು, ಮೇಲಿನ ಗೀರು ಎಷ್ಟೇ ಆಳ ಇರಲಿ, ಎಸೆಯಿರಿ.

ಜಾಹೀರಾತುಗಳಲ್ಲಿ 'ಟ್ಯೂಫ್ ಹೊಸದು' ಎಂದು ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ಎರಡು ವರ್ಷಕ್ಕೊಮ್ಮೆ ಮಾಡಿಸಬೇಕಾದ ಆ ಕಡ್ಡಾಯ ತಪಾಸಣೆ ಬ್ರೇಕ್, ಲೈಟು, ತುಕ್ಕು, ಹೊಗೆ ನೋಡುತ್ತದೆ. ಸಿಲಿಂಡರ್ ಒಳಗೆ ಏನಾಗಿದೆ ಅಂತ ಅದು ಕೇಳುವುದಿಲ್ಲ. ಹಳೆಯ ಟ್ಯೂಫ್ ರಿಪೋರ್ಟುಗಳನ್ನು ಮಾತ್ರ ತಪ್ಪದೆ ಕೇಳಿ, ಪ್ರತಿಯೊಂದರಲ್ಲೂ ಆವತ್ತಿನ ಕಿಲೋಮೀಟರ್ ದಾಖಲಾಗಿರುತ್ತದೆ. ಇನ್ನು 'ಸ್ಟಟ್‌ಗಾರ್ಟ್‌ನಲ್ಲೇ ತಯಾರಾದದ್ದು' ಎಂದು ಹೆಚ್ಚು ಬೆಲೆ ಹೇಳುವವರು. 986, 987 ಸರಣಿಯ ಬಾಕ್ಸ್‌ಸ್ಟರ್‌ಗಳಲ್ಲಿ ಬಹುಪಾಲು ಫಿನ್‌ಲ್ಯಾಂಡಿನ ಊಸಿಕೌಪುಂಕಿಯಲ್ಲಿ ವಾಲ್ಮೆಟ್ ಕಂಪನಿ ಜೋಡಿಸಿದ್ದು. ಚಾಸಿ ನಂಬರಿನ ಹನ್ನೊಂದನೇ ಜಾಗದಲ್ಲಿ 'ಯು' ಇದ್ದರೆ ಅಲ್ಲಿಯದು, 'ಎಸ್' ಇದ್ದರೆ ಇಲ್ಲಿಯದು. ನನ್ನದು 'ಯು'. ಅದಕ್ಕೆ ಒಂದು ಯೂರೋ ಕೂಡ ಹೆಚ್ಚು ಕಡಿಮೆ ಮಾಡಬೇಡಿ.

ಡೀಲರನಿಂದಲೋ ಮಾಲೀಕನಿಂದಲೋ? ಡೀಲರ್ ಆದರೆ ಕೊಂಡ ಒಂದು ವರ್ಷದೊಳಗೆ ದೋಷ ಕಂಡಾಗ, ಅದು ಮಾರುವಾಗ ಇರಲಿಲ್ಲ ಎಂದು ತೋರಿಸುವ ಹೊಣೆ ಅವನದು. 2022ರಿಂದ ಇಲ್ಲಿ ಹೀಗಿದೆ. ಖಾಸಗಿ ಮಾಲೀಕ 'ಯಾವ ದೋಷಕ್ಕೂ ನಾನು ಹೊಣೆಯಲ್ಲ' ಎಂದು ಸ್ಪಷ್ಟವಾಗಿ ಬರೆಸಿಕೊಂಡರೆ, ಗೊತ್ತಿದ್ದೂ ಮುಚ್ಚಿಟ್ಟ ಎಂದು ಸಾಬೀತು ಮಾಡದ ಹೊರತು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಡೀಲರ್ ಬೆಲೆ ಆ ಕಾರಣಕ್ಕೇ ಹೆಚ್ಚು. ಮೇಷ್ಟ್ರ ಫೈಲು ಇಲ್ಲದಿದ್ದರೆ ನಾನೂ ಡೀಲರ್ ಹತ್ತಿರವೇ ಹೋಗುತ್ತಿದ್ದೆ.

ಆಟೊಮ್ಯಾಟಿಕ್ ಬೇಕೆನ್ನುವವರಿಗೆ ಒಂದು ಎಚ್ಚರ. 2009ರಿಂದ ಬಂದ ಪಿಡಿಕೆ ಎಂಬ ಏಳು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಓಡಿಸಲು ಅದ್ಭುತ, ಆದರೆ ಒಳಗಿನ ಸೆನ್ಸರ್ ಹೋದಾಗ ಇಡೀ ಗೇರ್‌ಬಾಕ್ಸ್ ಬದಲಿಸಿ ಎಂಬ ಉತ್ತರ ಬಹಳ ವರ್ಷ ಸಿಗುತ್ತಿತ್ತು. ಈಗ ಸೆನ್ಸರ್ ಮಾತ್ರ ಬದಲಿಸುವ ವರ್ಕ್‌ಶಾಪುಗಳಿವೆ, ಹುಡುಕಿಟ್ಟುಕೊಳ್ಳಿ. 'ಎಸ್' ಮಾಡೆಲಿನ 3.4ರದು ಪೆಟ್ರೋಲನ್ನು ಸಿಲಿಂಡರ್ ಒಳಗೇ ಚಿಮ್ಮಿಸುವ ನೇರ ಇಂಜೆಕ್ಷನ್, 310 ಕುದುರೆ ಶಕ್ತಿ. ನನ್ನ 2.9 ಹಳೆಯ ರೀತಿಯ ಇಂಜೆಕ್ಷನ್, 255. ಆ ವ್ಯತ್ಯಾಸ ಆಟೋಬಾನಿನಲ್ಲಿ ಗೊತ್ತಾಗುತ್ತದೆ. ಆದರೆ ನನ್ನದರಲ್ಲಿ ಹೈಪ್ರೆಶರ್ ಪಂಪಿನ ಚಿಂತೆ ಇಲ್ಲ, ವಾಲ್ವ್ ಮೇಲೆ ಇಂಗಾಲ ಕೂರುವ ಚಿಂತೆಯೂ ಇಲ್ಲ.

ಓಡಿಸಲು ಹೇಗಿದೆ ಅಂದರೆ, ಸ್ಟೀರಿಂಗ್ ಇನ್ನೂ ಹೈಡ್ರಾಲಿಕ್, ಮುಂದಿನ ಚಕ್ರ ಏನು ತುಳಿಯುತ್ತಿದೆ ಅಂತ ಅಂಗೈಗೆ ತಿಳಿಯುತ್ತದೆ. ಕಿವಿಯ ಹಿಂದೆಯೇ ಎಂಜಿನ್. ಎಂಜಿನ್ ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ದಾಟಿದ ಮೇಲೆ ರೇಡಿಯೋ ಆರಿಸಿಬಿಡಿ. ಮುಂದಿನ ಡಿಕ್ಕಿ 150 ಲೀಟರ್, ಇಂಡಿಯನ್ ಅಂಗಡಿಯ ಹತ್ತು ಕಿಲೋ ಸೋನಾ ಮಸೂರಿ ಮೂಟೆ ಎರಡು ಆರಾಮಾಗಿ ಕೂರುತ್ತವೆ. ನನ್ನ ಹೆಂಡತಿ ಅದನ್ನೊಂದೇ ಒಪ್ಪಿಕೊಂಡಿದ್ದಾಳೆ.

ಬೆಂಗಳೂರಿಗೆ ವಾಪಸ್ ಬರುವಾಗ ತರಬಹುದಾ ಅಂತ ಕೇಳುವವರಿಗೆ: ಆಗುವುದಿಲ್ಲ. ಭಾರತಕ್ಕೆ ಬಳಸಿದ ಕಾರು ತರಬೇಕಾದರೆ ಮೂರು ವರ್ಷಕ್ಕಿಂತ ಹಳೆಯದಿರಬಾರದು, ಸ್ಟೀರಿಂಗ್ ಬಲಕ್ಕಿರಬೇಕು. ನನ್ನದು ಎರಡರಲ್ಲೂ ಫೇಲ್. ಬೆಂಗಳೂರಲ್ಲೇ ಹಳೇ ಬಾಕ್ಸ್‌ಸ್ಟರ್ ಅಥವಾ ಅದರದೇ ಗಟ್ಟಿ ಚಾವಣಿಯ ರೂಪವಾದ ಕೇಮನ್ ನೋಡುತ್ತಿರುವವರೂ ಗಂಟೆಯ ಲೆಕ್ಕ ಕೇಳಿ. ಅಲ್ಲಿ ಮಾತ್ರ ಸರಾಸರಿ 20 ಬಂದರೆ ನನ್ನ ಹಾಗೆ ಎದ್ದು ಬರಬೇಡಿ, ಔಟರ್ ರಿಂಗ್ ರೋಡಿನಲ್ಲಿ ಅದು ಒಳ್ಳೆಯ ವೇಗವೇ. ಆಯಿಲ್ ಬಿಲ್‌ಗಳ ತಾರೀಖು ನೋಡಿ.

ಮುಂದಿನ ಖರ್ಚು ಅಂತ ಮೆಕ್ಯಾನಿಕ್ ಬರೆದುಕೊಟ್ಟಿರುವುದು: ಮುಂದಿನ ಸಸ್ಪೆನ್ಷನ್ ಆರ್ಮ್ ಎರಡು, ಹಿಂದಿನ ಟೈರ್ ಎರಡು. ಮಾರ್ಚ್‌ನಲ್ಲಿ ಟ್ಯೂಫ್ ಇದೆ, ಅದಕ್ಕೆ ಮೊದಲು ಎರಡೂ ಮುಗಿಸಬೇಕು.